ಪಟ್ಟಿಯ ಮೊದಲ ಹೆಸರು

ನಮ್ಮ ಬ್ರಿಸ್ಬೇನ್ ಕನ್ನಡ ಬಳಗದ ಅಧ್ಯಕ್ಷರಾದ ಡಾಕ್ಟರ್ ಪಂಚಾಕ್ಷರಿಯವರೇ. ನಿನ್ನೆ ಮೈದಾನದಲ್ಲಿ ನಮ್ಮ ಕೈಯಲ್ಲಿ ಸೋತು, ಇವತ್ತು ವೇದಿಕೆಯಲ್ಲಿ ನಮ್ಮ ಕೈಯಿಂದಲೇ ಹಾರ ಹಾಕಿಸಿಕೊಂಡು ನಗುತ್ತ ಕುಳಿತಿರುವ ಪರ್ತ್ ತಂಡದ ವ್ಯವಸ್ಥಾಪಕಿ, ಮುಖ್ಯ ಅತಿಥಿ ಡಾಕ್ಟರ್ ಮಾಲವಿಕಾ ಅವರೇ. ಅಡಿಲೇಡಿನಿಂದ ಬಂದಿರುವ ಮಿತ್ರರೇ. ಒಳಗಿನಿಂದ ಬಿಸಿಬೇಳೆಬಾತಿನ ಘಮ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಹನಾಮೂರ್ತಿಗಳಾದ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಹತ್ತು ನಿಮಿಷದಲ್ಲಿ ಮುಗಿದ ಭಾಷಣವನ್ನು ನಾನು ಇದುವರೆಗೆ ಮಾಡಿದ್ದಿಲ್ಲ, ಅದು ನಿಮಗೂ ಗೊತ್ತು. ನಗಬೇಡಿ ಈಶ್ವರಪ್ಪನವರೇ, ನಿಮ್ಮ ವಿಷಯಕ್ಕೂ ಬರುತ್ತೇನೆ.

ಅಧ್ಯಕ್ಷರು ಈಗಷ್ಟೇ ಓದಿದ ಬಿನ್ನವತ್ತಳೆಯಲ್ಲಿ ನನ್ನನ್ನು ‘ದೂರದೃಷ್ಟಿಯ ಹರಿಕಾರ’ ಎಂದಿದ್ದೀರಿ. ‘ನಿಷ್ಪಕ್ಷಪಾತಿ’ ಎಂದಿದ್ದೀರಿ. ‘ಹೆತ್ತ ಮಗಳನ್ನೇ ಎದುರಾಳಿಗೆ ಕೊಟ್ಟು ತಂಡ ಕಟ್ಟಿದ ತ್ಯಾಗಿ’ ಎಂದೂ ಸೇರಿಸಿದ್ದೀರಿ. ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಒಟ್ಟಿಗೆ ಕೇಳಿದ್ದು ಇದೇ ಮೊದಲು. ನಮ್ಮ ಮನೆಯಲ್ಲಂತೂ ಕೇಳಿದ್ದಿಲ್ಲ. ಆದರೆ ಈ ಮಾತುಗಳಲ್ಲಿ ಎಷ್ಟು ನಿಜ? ಅದನ್ನು ಹೇಳದೆ ಈ ಶಾಲು ಹೊದ್ದುಕೊಂಡು ಊಟಕ್ಕೆ ಹೋಗಲು ನನ್ನಿಂದ ಆಗುವುದಿಲ್ಲ.

ಹೊಸಬರಿಗಾಗಿ ಸ್ವಲ್ಪ ಹಿಂದಿನ ಕಥೆ. 2011ರಲ್ಲಿ ಮೂರೂ ಊರಿನ ಕನ್ನಡಿಗರು ಈಸ್ಟರ್ ರಜೆಯಲ್ಲಿ ಒಂದು ಕ್ರಿಕೆಟ್ ಪಂದ್ಯಾವಳಿ ಮಾಡೋಣ ಎಂದು ಹೊರಟೆವು. ಆ ವರ್ಷ ಅಡಿಲೇಡಿನ ಸರದಿ. ಕ್ರಿಕೆಟ್ ಮೈದಾನ ಒಂದೂ ಸಿಗಲಿಲ್ಲ. ಕೌನ್ಸಿಲ್‌ನವರು “ಬೇಸ್‌ಬಾಲ್ ಮೈದಾನ ಖಾಲಿ ಇದೆ, ಬೇಕಾ?” ಅಂದರು. ನಾವು ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಪೈಕಿಯೇ? ಹೂಂ ಅಂದುಬಿಟ್ಟೆವು. ಆಟ ಗೊತ್ತಿತ್ತೇ? ಇಲ್ಲ. ಈಶ್ವರಪ್ಪನವರು ಮೊದಲ ಚೆಂಡನ್ನೇ ಚೆನ್ನಾಗಿ ಬಾರಿಸಿ, ಬ್ಯಾಟನ್ನು ಕೈಯಲ್ಲೇ ಹಿಡಿದು ಓಡಿದರು. ಆ ಆಟದಲ್ಲಿ ಬ್ಯಾಟ್ ಬಿಸಾಡಿ ಓಡಬೇಕಂತೆ. ಹಿಂದಿನಿಂದ ಅಂಪೈರ್ “ಬ್ಯಾಟ್! ಬ್ಯಾಟ್!” ಎಂದು ಕಿರುಚುತ್ತಿದ್ದರೆ ಇವರು ಇನ್ನೂ ಗಟ್ಟಿಯಾಗಿ ಹಿಡಿದರು. ಕ್ರೀಸ್ ಮುಟ್ಟಿಸಲು ಬ್ಯಾಟ್ ಬೇಕಲ್ಲ, ಪಾಪ.

ಆ ವರ್ಷ ಸೋತೆವು, ಆದರೆ ಬೇಸ್‌ಬಾಲ್ ಮಾತ್ರ ನಮಗೆಲ್ಲ ಅಂಟಿಕೊಂಡಿತು. 2012ರಲ್ಲಿ ಇದೇ ಊರಿನಲ್ಲಿ, ನಮ್ಮವರ ಮುಂದೆಯೇ ಸೋತೆವು. 2013ರಲ್ಲಿ ಪರ್ತ್‌ಗೆ ಐದು ಗಂಟೆ ವಿಮಾನದಲ್ಲಿ ಕೂತು ಹೋಗಿ ಸೋತು ಬಂದೆವು. ಮೈದಾನದಲ್ಲಿ ತಂಡ ಸೋಲುತ್ತಿದ್ದರೆ, ಬಲೆಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಕುಡಿಯುತ್ತ ನಾವು ಅಭಿಮಾನಿಗಳು ಪಂದ್ಯದಲ್ಲೂ, ಪ್ರತಿ ಭಾನುವಾರದ ಅಭ್ಯಾಸದಲ್ಲೂ ತಂಡವನ್ನು ಬಿಚ್ಚಿ ಜೋಡಿಸುತ್ತಿದ್ದೆವು. ನನ್ನ ಗಂಟಲು ಎಲ್ಲರಿಗಿಂತ ದೊಡ್ಡದು. ನಾನು ರೈಲ್ವೆ ಸಿಗ್ನಲ್ ಇಂಜಿನಿಯರ್. ಮುಂದಿನ ನಿಲ್ದಾಣವನ್ನು ಬಿಟ್ಟು ಅದರಾಚೆಯದನ್ನು ಯೋಚಿಸುವುದು ನನ್ನ ಕಸುಬು. “ಈ ವರ್ಷದ್ದನ್ನ ಮರೀರಿ, ಮುಂದಿನ ವರ್ಷದ್ದೂ ಮರೀರಿ, ಐದು ವರ್ಷಕ್ಕೆ ತಂಡ ಕಟ್ಟಿ” ಎಂದು ಕೂಗುತ್ತಿದ್ದೆ.

ಈಶ್ವರಪ್ಪನವರು ಒಪ್ಪಿದರೇ? “ಅಲ್ಲಾ ಸಾರ್, ನೀವು ಐದು ವರ್ಷ ಆದ್ಮೇಲೆ ಗೆಲ್ತೀನಿ ಅಂತೀರ. ನನಗೀಗ್ಲೇ ಅರವತ್ತೊಂದು. ಚಪ್ಪಾಳೆ ಹೊಡ್ಯೋಕೆ ಕೈ ಎತ್ತೋಕಾಗ್ಬೇಕಲ್ವಾ?” ಎಂದರು. ದಾಕ್ಷಾಯಣಿ ಆಂಟಿಯದು ಬೇರೆ ತಕರಾರು. “ಹೈಸ್ಕೂಲ್ ಹುಡುಗ್ರನ್ನ ತಂದು ಹಾಕ್ಕೊಳ್ತೀರ, ಸರಿ. ಪಿಯುಸಿ ಮುಗ್ಸಿ ಮೆಲ್ಬರ್ನಿಗೆ ಹೊರಟ್ರೆ ಏನ್ಮಾಡ್ತೀರಿ? ಕೈಕಾಲು ಕಟ್ಟಿ ಹಾಕ್ತೀರಾ?” ಇವೆಲ್ಲ ಸರಿಯಾದ ಪ್ರಶ್ನೆಗಳೇ. ಆದರೆ ಸಂಘ ಸಂಸ್ಥೆಗಳಲ್ಲಿ ಜೋರಾಗಿ ಟೀಕೆ ಮಾಡುವವನ ಬಾಯಿ ಮುಚ್ಚಿಸಲು ಒಂದು ಉಪಾಯವಿದೆ, ಅವನಿಗೇ ಕೆಲಸ ಅಂಟಿಸುವುದು. ಹಾಗೆ ನಾನು ಆಯ್ಕೆ ಸಮಿತಿಯ ಮುಖ್ಯಸ್ಥನಾದೆ.

ನಮ್ಮ ಪಂದ್ಯಾವಳಿಯಲ್ಲಿ ಒಂದು ನಿಯಮವಿದೆ. ಎರಡು ಊರಿನವರು ಒಪ್ಪಿದರೆ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಬಹುದು. ಹಾಗೆ ಹೋದವರು ತಮ್ಮ ಮನೆಯಲ್ಲೇ ಇದ್ದು, ಈಸ್ಟರ್ ಪಂದ್ಯಾವಳಿಯಲ್ಲಿ ಮಾತ್ರ ಐದು ವರ್ಷ ಆ ಊರಿಗೇ ಆಡಬೇಕು. ಪರ್ತ್‌ನ ವಿಲೆಟನ್ ಬಡಾವಣೆಯಲ್ಲಿ ಪವನ ಎಂಬ ಹದಿನಾಲ್ಕರ ಹುಡುಗನಿದ್ದ. ಅವನು ಬ್ಯಾಟ್ ಬೀಸುವುದನ್ನು ಒಮ್ಮೆ ನೋಡಿ ನನಗೆ ನಿದ್ದೆ ಹಾರಿಹೋಗಿತ್ತು. ನಾನು ನಾಲ್ಕು ಪುಟದ ಯೋಜನೆ ಬರೆದೆ. ಮೊದಲನೆಯ ಸೂತ್ರ, ದಪ್ಪಕ್ಷರದಲ್ಲಿ: ಇಪ್ಪತ್ತೈದರೊಳಗಿನವರನ್ನು ಯಾವ ಕಾರಣಕ್ಕೂ ಬಿಡಕೂಡದು. ಎರಡನೆಯದು: ಅದರ ಮೇಲಿನವರನ್ನು ಕೊಟ್ಟು ಎಳೆಯರನ್ನು ತರಬೇಕು. ಪರ್ತ್‌ನವರು ಪವನನನ್ನು ಕೊಡಲು ಒಪ್ಪಿದರು. ಬದಲಿಗೆ ಯಾರನ್ನು ಕೇಳಿದರು?

ಬಿನ್ನವತ್ತಳೆಯಲ್ಲಿ ‘ಪರ್ತ್ ತಂಡ ಹಠ ಹಿಡಿದು ಇವರ ಮಗಳು ನಿಕಿತಾಳನ್ನೇ ಕೇಳಿದಾಗ’ ಎಂದಿದೆ. ಐದು ವರ್ಷದಿಂದ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದು ಅದನ್ನೇ. ನನ್ನ ಹೆಂಡತಿ ರುಕ್ಮಿಣಿಗೂ ಅದನ್ನೇ ಹೇಳಿದ್ದೇನೆ.

ಪರ್ತ್ ಕೇಳಿದ್ದು ಪ್ರಶಾಂತನನ್ನು. ಈಶ್ವರಪ್ಪನವರ ಅಕ್ಕನ ಮಗ, ನಮ್ಮ ಎಸೆತಗಾರ, ಆಗ ಇಪ್ಪತ್ತೆಂಟು. ಯೋಜನೆಯ ಪ್ರಕಾರ ಅವನನ್ನು ಕಳಿಸಲೇಬೇಕಿತ್ತು. ನಾನು ಸಭೆ ಕರೆದೆ. ಪ್ರಶಾಂತನ ಹೆಸರು ಹೇಳಿದೆ. ಆಗ ಈಶ್ವರಪ್ಪನವರು ಒಂದು ಮಾತು ಅಂದರು. ನಿಮಗೆ ಮರೆತಿರಬಹುದು ಈಶ್ವರಪ್ಪನವರೇ, ನನಗೆ ಮರೆತಿಲ್ಲ. “ನಮ್ಮ ಹುಡುಗನ್ನ ಸಾಗಹಾಕಿ ನಿಮ್ಮ ಮಗಳನ್ನ ಉಳಿಸ್ಕೊಳ್ಳೋದು. ಅಷ್ಟೇ ತಾನೇ ಸಾರ್ ನಾಲ್ಕು ಪುಟದಲ್ಲಿರೋದು?”

ಯಾರೂ ನಗಲಿಲ್ಲ. ನಿಕಿತಾಗೆ ಆಗ ಇಪ್ಪತ್ತು. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಂದ ಚೆಂಡನ್ನೆಲ್ಲ ಹಿಡಿಯುವ ಕೆಲಸ ಅವಳದು. ಇಡೀ ತಂಡದಲ್ಲಿ ಮೈದಾನವನ್ನು ಎದುರಿನಿಂದ ನೋಡುವವಳು ಅವಳೊಬ್ಬಳೇ. ಯಾರು ಎಲ್ಲಿ ನಿಲ್ಲಬೇಕು ಎಂದು ಕೈಬೀಸಿ ಹೇಳುತ್ತಿದ್ದವಳೂ ಅವಳೇ. ನನ್ನ ಸೂತ್ರದ ಪ್ರಕಾರ ಬಿಡಲೇಬಾರದ ಆಟಗಾರ್ತಿ. ಆದರೆ ಅದನ್ನು ಅವಳ ಅಪ್ಪನೇ ಹೇಳುವುದು ಹೇಗೆ? ಜನ ಏನನ್ನುತ್ತಾರೆ?

ಈ ‘ಜನ ಏನನ್ನುತ್ತಾರೆ’ ಎಂಬುದನ್ನು ನಾನು ಕಲಿತದ್ದು ಮೈಸೂರಿನಲ್ಲಿ. ನಮ್ಮ ಬೀದಿಯ ರಾಮೋತ್ಸವದ ಊಟಕ್ಕೆ ನಮ್ಮ ತಂದೆಯವರೇ ಬಡಿಸುತ್ತಿದ್ದರು. ಒಬ್ಬೊಬ್ಬರ ಎಲೆಯ ಮುಂದೂ ನಿಂತು, ಉಪಚಾರ ಮಾಡಿ, ಎರಡೆರಡು ಹೋಳಿಗೆ ಹಾಕುವವರು ನನ್ನ ಎಲೆ ಬಂದಾಗ ಮಾತ್ರ ಸರಸರ ನಡೆದುಬಿಡುತ್ತಿದ್ದರು. ತಮ್ಮ ಮಗನಿಗೆ ಹೆಚ್ಚು ಬಡಿಸಿದರು ಅನ್ನಿಸಿಕೊಳ್ಳಬಾರದಲ್ಲ! “ಮೇಷ್ಟ್ರು ಅಂದ್ರೆ ಹೀಗಿರ್ಬೇಕು” ಎಂದು ಪಂಕ್ತಿಯಲ್ಲಿದ್ದವರೆಲ್ಲ ಕೊಂಡಾಡುತ್ತಿದ್ದರು. ಖಾಲಿ ಎಲೆಯ ಮುಂದೆ ಕೂತ ಹುಡುಗನಿಗೆ ಏನನ್ನಿಸಿತು ಎಂದು ಯಾರೂ ಕೇಳಲಿಲ್ಲ. ದೊಡ್ಡವನಾದ ಮೇಲೆ ನನಗೂ ಅದು ಮರೆತು, ಆ ಹೊಗಳಿಕೆ ಮಾತ್ರ ನೆನಪಿನಲ್ಲಿ ಉಳಿಯಿತು.

ಸಭೆ ಮುಗಿದ ಮೇಲೆ ಕಾರಿನಲ್ಲಿ ಕೂತು ಮಾಲವಿಕಾ ಅವರಿಗೆ ಫೋನ್ ಮಾಡಿದೆ. ಪ್ರಶಾಂತ ಬೇಡ, ನಿಕಿತಾಳನ್ನು ತೆಗೆದುಕೊಳ್ಳಿ ಎಂದೆ. ಅವರು ಏನಂದರು ಗೊತ್ತೇ? “ಅಂಕಲ್, ನಮಗೆ ಕ್ಯಾಚರ್ ಇದ್ದಾರೆ. ಅವಳನ್ನ ಬಿಟ್ರೆ ನಿಮ್ಮ ಟೀಮ್‌ಗೇ ಕಷ್ಟ. ಪ್ರಶಾಂತನ್ನ ಕೊಡೋಕಾಗ್ದಿದ್ರೆ ಬೇರೆ ಯಾರನ್ನಾದ್ರೂ ಕೊಡಿ. ಹೋಗ್ಲಿ, ಅವಳನ್ನ ಒಂದ್ಮಾತು ಕೇಳಿದ್ರಾ?” ನಾನು “ಕೇಳೋದೇನಿದೆ, ನನ್ನ ಮಗಳಲ್ವಾ” ಎಂದೆ. ಹಠ ಹಿಡಿದದ್ದು ಪರ್ತ್ ಅಲ್ಲ, ಸಭಿಕರೇ. ಹಠ ಹಿಡಿದದ್ದು ನಾನು. ಕೊನೆಗೆ ಅವರು ಒಪ್ಪಿದ ಆ ರಾತ್ರಿಯೇ ಬಳಗದ ವಾಟ್ಸಾಪಿನಲ್ಲಿ ಅದಲು ಬದಲಿನ ಪಟ್ಟಿ ಹಾಕಿದೆ. ಪಟ್ಟಿಯ ಮೊದಲ ಹೆಸರು ನಿಕಿತಾ ವಸಂತಕುಮಾರ್. ನಿಮಿಷದಲ್ಲಿ ಮೂವತ್ತೆರಡು ಕೈಮುಗಿದ ಚಿತ್ರಗಳು ಬಂದವು. ‘ಧನ್ಯರು ಸಾರ್ ನೀವು’ ಎಂದು ಮೊದಲು ಬರೆದದ್ದು ಈಶ್ವರಪ್ಪನವರೇ. ನನಗೆ ಎಷ್ಟು ಖುಷಿಯಾಗಿತ್ತು ಎಂದರೆ, ಆ ಪಟ್ಟಿಯನ್ನು ನನ್ನ ಮಗಳೂ ಅಲ್ಲೇ, ಎಲ್ಲರ ಜೊತೆಗೇ ಓದುತ್ತಿದ್ದಾಳೆ ಎಂಬುದು ಹೊಳೆಯಲೇ ಇಲ್ಲ.

ಅವಳು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುವರ್ಷದ ಈಸ್ಟರ್‌ಗೆ ಅಡಿಲೇಡಿನಲ್ಲಿ ಪರ್ತ್‌ನ ಅಂಗಿ ತೊಟ್ಟು ನಮ್ಮ ಮೇಲೆಯೇ ಆಡಿದಳು, ಗೆದ್ದಳು. ಸಂಜೆ ಎಲ್ಲರೂ ಟ್ರಾಮ್ ಹತ್ತಿ ಗ್ಲೆನೆಲ್ಗ್ ಕಡಲತೀರಕ್ಕೆ ಹೋದೆವು. ಸಮುದ್ರದೊಳಕ್ಕೆ ಚಾಚಿದ ಆ ಉದ್ದನೆಯ ಕಟ್ಟೆಯ ತುದಿಯಲ್ಲಿ ನಾವಿಬ್ಬರೇ ನಿಂತಿದ್ದೆವು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವಳು. ಅವತ್ತು ಕನ್ನಡದಲ್ಲಿ ಕೇಳಿದಳು. “ಅಪ್ಪ, ನಿಜ ಹೇಳು. ಅವರು ನನ್ನೇ ಬೇಕು ಅಂದ್ರಾ?”

ಅವಳು ಕೇಳುತ್ತಿದ್ದುದು ಆಟದ ವಿಷಯವಲ್ಲ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಆದರೂ “ಹೌದು ಪುಟ್ಟಿ, ಬಿಡಲೇ ಇಲ್ಲ ಅವರು” ಎಂದೆ. “ಓಕೆ” ಅಂದಳು. ಆಮೇಲೆ ಐಸ್‌ಕ್ರೀಮ್ ಕೊಡಿಸಿದೆ. ಇಪ್ಪತ್ತು ದಾಟಿದ ಮಗಳಿಗೆ ಅಪ್ಪ ಕೊಡಿಸಿದ್ದು ಅದೊಂದೇ, ಐಸ್‌ಕ್ರೀಮ್!

ಮರುವರ್ಷ ಫಿಸಿಯೋಥೆರಪಿ ಓದು ಮುಗಿಸಿ ಪರ್ತ್‌ನಲ್ಲೇ ಕೆಲಸ ಹುಡುಕಿಕೊಂಡಳು. ಇಲ್ಲಿ ಕೆಲಸವಿರಲಿಲ್ಲವೇ? ಇತ್ತು. ರನ್‌ಕಾರ್ನ್‌ನ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲೇ ಇತ್ತು. ರುಕ್ಮಿಣಿ ಮೂರು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. “ಆಟಕ್ಕೆ ಅಂತ ಕಳಿಸಿದ್ರಿ, ಅವಳು ಹೋಗೇಬಿಟ್ಳು” ಎಂದು ಒಂದು ಸಲ ಅಂದಳು, ಅಷ್ಟೆ. ಕೇಳದೆಯೇ ಬಂದವಳನ್ನು ಪರ್ತ್‌ನವರು ಎರಡೇ ವರ್ಷದಲ್ಲಿ ನಾಯಕಿ ಮಾಡಿಕೊಂಡರು. ಮಾಲವಿಕಾ ಅವರೇ, ನೀವು ಈ ಐದು ವರ್ಷ ಬಾಯಿಬಿಡಲಿಲ್ಲ. ನನ್ನ ಮಾನ ಉಳಿಸಲಿಕ್ಕೆ ಇರಲಾರದು, ಅವಳ ಮನಸ್ಸು ಉಳಿಸಲಿಕ್ಕೆ ಇರಬೇಕು. ನಿಮಗೆ ನಾನು ಕೈಮುಗಿಯುತ್ತೇನೆ.

ಇನ್ನು ನಿನ್ನೆಯ ಗೆಲುವು. ಪವನ ಗೆಲುವಿನ ಹೊಡೆತ ಹೊಡೆದ, ಅದು ನಿಜ. ಆದರೆ ಪರ್ತ್‌ನವರನ್ನು ಕಟ್ಟಿಹಾಕಿದ್ದು ಯಾರು? ಮೂವತ್ಮೂರು ವರ್ಷದ ಪ್ರಶಾಂತ. ನನ್ನ ಯೋಜನೆಯ ಪ್ರಕಾರ ಇಲ್ಲಿ ಇರಲೇಬಾರದಿದ್ದವನು. ಹಾಗಾದರೆ ನಿನ್ನೆ ಗೆದ್ದದ್ದು ನನ್ನ ದೂರದೃಷ್ಟಿಯೋ, ಅಥವಾ ನಾನು ಹೊಗಳಿಕೆಯ ಆಸೆಗೆ ಬಿದ್ದು ನನ್ನ ಯೋಜನೆಯನ್ನೇ ಮುರಿದದ್ದೋ? ಬಲೆಯ ಹಿಂದೆ ಕೂತು ಒಂದೊಂದು ಎಸೆತಕ್ಕೂ ನ್ಯಾಯ ತೀರ್ಮಾನ ಮಾಡುವ ನೀವು, ಇಪ್ಪತ್ತೈದರೊಳಗಿನವರನ್ನು ಬಿಡಬಾರದು ಎಂದು ಬರೆದವನು ಇಪ್ಪತ್ತು ವರ್ಷದವಳನ್ನು ಏಕೆ ಬಿಟ್ಟ ಎಂದು ಒಬ್ಬರಾದರೂ ಕೇಳಿದಿರಾ? ಬೈಯುತ್ತಿಲ್ಲ. ನಾನೇ ಕೇಳಿಕೊಳ್ಳಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೊಂದೇ ವಿಷಯ.

ನಾನು ಮೈಕಿನ ಹತ್ತಿರ ಬರುವಾಗ ಅಧ್ಯಕ್ಷರು ನನ್ನ ಕೈಗೊಂದು ಕಾಗದ ಕೊಟ್ಟು, “ಕೊನೇಲಿ ಓದಿ ಸಾರ್, ಸರ್ಪ್ರೈಸ್” ಎಂದು ಕಿವಿಯಲ್ಲಿ ಹೇಳಿದರು. ಇಲ್ಲಿದೆ ನೋಡಿ. ಐದು ವರ್ಷದ ಕರಾರು ಇವತ್ತಿಗೆ ಮುಗಿಯಿತು. ಪವನ ಪರ್ತ್‌ಗೆ ವಾಪಸು, ನಿಕಿತಾ ಬ್ರಿಸ್ಬೇನಿಗೆ ವಾಪಸು. ಮುಂದಿನ ಐದು ವರ್ಷಕ್ಕೆ. ಎರಡೂ ಊರಿನ ಸಮಿತಿಯವರು ಸೇರಿ, ಒಬ್ಬ ಅಪ್ಪನಿಗೆ ಉಡುಗೊರೆ ಎಂದು ಇದನ್ನು ಮಾಡಿದ್ದಾರೆ. ನಿಮ್ಮ ಪ್ರೀತಿ ದೊಡ್ಡದು. ನನಗೆ ಆಸೆ ಇಲ್ಲವೇ? ಇದೆ. ಅವಳ ಕೋಣೆಯ ಮಂಚದ ಹೊದಿಕೆಯನ್ನು ರುಕ್ಮಿಣಿ ಈಗಲೂ ವಾರಕ್ಕೊಮ್ಮೆ ಬದಲಾಯಿಸುತ್ತಾಳೆ. ಇದಕ್ಕೆ ಬೇಕಾಗಿರುವುದು ನನ್ನದೊಂದು ಸಹಿ.

ಆಗಲೇ ಅದರ ಮೇಲೆ ಕಣ್ಣಾಡಿಸಿ ನಾನು ಅಧ್ಯಕ್ಷರನ್ನು ಕೇಳಿದೆ, “ನಿಕಿತಾಗೆ ಗೊತ್ತಾ?” “ಇಲ್ಲ ಸಾರ್, ಅದಕ್ಕೇ ತಾನೇ ಸರ್ಪ್ರೈಸ್ ಅಂದಿದ್ದು” ಎಂದರು.

ನಾನು ಬರೆದು ತಂದಿದ್ದ ಭಾಷಣ ಇನ್ನೂ ಜೇಬಿನಲ್ಲೇ ಇದೆ. ಅದರಲ್ಲಿ ಇದ್ಯಾವುದೂ ಇಲ್ಲ. ಅಧ್ಯಕ್ಷರ ಆ ಒಂದು ಮಾತು ಕೇಳಿದ ಮೇಲೆ ಅದನ್ನು ಓದಲಾಗಲಿಲ್ಲ.

ಕ್ಷಮಿಸಿ, ಇದಕ್ಕೆ ಸಹಿ ಹಾಕುವುದಿಲ್ಲ. ಆಯ್ಕೆ ಸಮಿತಿಯಲ್ಲೂ ಇನ್ನು ನಾನಿರುವುದಿಲ್ಲ. ಬಿನ್ನವತ್ತಳೆ ಇಲ್ಲೇ ಮೇಜಿನ ಮೇಲಿದೆ. ಅದು ಪ್ರಶಾಂತನಿಗೆ ಸಲ್ಲಬೇಕು, ಹೆಸರು ತಿದ್ದಿದರಾಯಿತು.

ನಿಕಿತಾ, ಐದನೆಯ ಸಾಲಿನಲ್ಲಿದ್ದೀಯ, ಕಾಣಿಸುತ್ತಿದ್ದೀಯ. ಪರ್ತ್‌ನವರು ನಿನ್ನನ್ನು ಕೇಳಿರಲಿಲ್ಲ. ಕಳಿಸಿದ್ದು ನಾನು. ನಾಲ್ಕು ಜನರ ಹತ್ತಿರ ಒಳ್ಳೆಯವನು ಅನ್ನಿಸಿಕೊಳ್ಳಲು ಕಳಿಸಿದೆ, ಆಮೇಲೆ ನಿನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದೆ. ಕ್ಷಮಿಸು ಎಂದು ಮೈಕಿನಲ್ಲಿ ಕೇಳುವುದಿಲ್ಲ. ಮುನ್ನೂರು ಜನರ ಮುಂದೆ ಕೇಳಿದರೆ ನಿನಗೆ ಇಲ್ಲ ಅನ್ನಲಾಗುವುದಿಲ್ಲ, ಅದೂ ಬಲವಂತವೇ ಆಗುತ್ತದೆ. ನೀನು ಎಲ್ಲಿ ಆಡುತ್ತೀಯ, ಎಲ್ಲಿ ಇರುತ್ತೀಯ ಎಂಬುದನ್ನು ಹೇಳಬೇಕಾದವಳು ನೀನು. ಹೇಳಬೇಕು ಅನ್ನಿಸಿದಾಗ ಹೇಳು, ಯಾವ ಭಾಷೆಯಲ್ಲಾದರೂ ಸರಿ. ನಾನು ಕೇಳಿಸಿಕೊಳ್ಳುತ್ತೇನೆ.

ಎದ್ದು ನಿಂತಿದ್ದಾಳೆ. ಬಾಗಿಲ ಕಡೆಗೋ, ಈ ಕಡೆಗೋ, ನನಗೆ ಗೊತ್ತಿಲ್ಲ. ಈಶ್ವರಪ್ಪನವರೇ, ದಯವಿಟ್ಟು ಕೈ ಹಿಡಿದು ಕೂರಿಸಬೇಡಿ. ರುಕ್ಮಿಣಿ, ನೀನೂ ಕರೆಯಬೇಡ. ಯಾರೂ ಅವಳಿಗೆ ದಾರಿ ತೋರಿಸಬೇಡಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.