ಕೈಗೆ ಸಿಗದ ‘ಅಲ್ಲ’

“ಹಲೋ... ಯಾರು ಮಾತಾಡ್ತಿರೋದು?... ರೀ, ನೀವಾ! ಇದ್ಯಾರ ನಂಬರು?... ಯಾಕೆ ಪಿಸುಪಿಸು ಅಂತೀರಿ, ಸ್ವಲ್ಪ ಜೋರಾಗಿ ಹೇಳಿ.”

ವಸ್ತಾರೆಯ ಮನೆಯಲ್ಲಿ ನಾಗಶ್ರೀ ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಾವಲಿಯ ಮೇಲಿನ ಅಕ್ಕಿರೊಟ್ಟಿಯನ್ನು ಮಗುಚಿದಳು. ಗಂಡ ಶಶಿಧರ್ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಎತ್ತಿಕೊಂಡು ಮೂಡಿಗೆರೆಗೆ ಹೋಗಿದ್ದ. ಬೆಳೆಗಾರರ ಸಭೆಯಲ್ಲಿ ಇವತ್ತು ಅವನದೇ ಭಾಷಣ. ಚಿಕೋರಿ ಬೆರೆಸದ ಶುದ್ಧ ಕಾಫಿಯನ್ನೇ ಕುಡಿಯಿರಿ, ಎಂದು.

“ಹಾಂ?... ದೊಡ್ಡ ಪರದೆ ಮೇಲೆ ಏನೋ ಬಂದಿದೆಯಾ? ಏನಂತ ಬರ್ದಿದೆ, ಓದಿ... ‘ಮನೆ ಕಾಫಿಪುಡಿಗೆ ಚಿಕೋರಿ ಬೆರೆಸೋದು ನೀವೇ ತಾನೆ?’... ಅಯ್ಯೋ ದೇವ್ರೇ. ಅಲ್ಲಿ ಬಂತಾ ಅದು!”

ಅವಳು ಒಲೆ ಸಣ್ಣ ಮಾಡಿ, ನಗು ಕೇಳಿಸದಂತೆ ಸೆರಗನ್ನು ಬಾಯಿಗೊತ್ತಿಕೊಂಡಳು.

“ರಕ್ಷಾನ ಬೈಬೇಡಿ. ಪಾಪ, ಮಗು ಸ್ಕೂಲಲ್ಲಿದೆ, ಅದಕ್ಕೆ ಗೊತ್ತೂ ಇಲ್ಲ... ನಾನೇ ಬರ್ದಿದ್ದು... ಹೌದು ರೀ, ನಾನೇ! ಮಧ್ಯಾಹ್ನ ಪಾತ್ರೆ ತೊಳೆದಾದ್ಮೇಲೆ ಆ ಲ್ಯಾಪ್‌ಟಾಪ್ ಮುಂದೆ ಏನ್ಮಾಡ್ತೀನಿ ಅಂದ್ಕೊಂಡಿದ್ರಿ? ಪ್ರೋಗ್ರಾಂ ಬರೆಯೋದು ಕಲೀತಿದೀನಿ. ಪಾಠದಲ್ಲಿ ಪುಟ್ಟ ಪುಟ್ಟ ಉದಾಹರಣೆ ಇರ್ತವೆ. ಟೈಪ್ ಮಾಡೋದು, ಓಡಿಸಿ ನೋಡೋದು. ಮೊದ್ಲು ಬರೀ ಖಾಲಿ ವಿಂಡೋ. ಆಮೇಲೆ ಅದರಲ್ಲೊಂದು ಬಟನ್. ಆಮೇಲೆ ಬಟನ್ ಒತ್ತಿದ್ರೆ ಏನಾಗ್ಬೇಕು ಅಂತ... ಈಗ ಪಾಠ ಬೇಡ್ವಾ? ಸರಿ, ಸರಿ.”

“...”

“ಆನ್ ಮಾಡಿದ್ ಕೂಡ್ಲೆ ಬರೋ ಹಾಗಿಟ್ಟಿದ್ದೆ. ಬೆಳಿಗ್ಗೆ ಕಾಫಿ ರೇಟ್ ನೋಡ್ತೀರಲ್ಲ, ಆಗ ನಿಮಗೊಬ್ರಿಗೇ ಕಾಣ್ಲಿ ಅಂತ. ಇವತ್ತು ರೇಟೂ ನೋಡ್ದೆ ಬ್ಯಾಗಿಗೆ ತುರುಕ್ಕೊಂಡು ಓಡಿದ್ರೆ ನಾನೇನ್ ಮಾಡ್ಲಿ?”

“...”

“ಕೆಳಗಿರೋ ‘ಹೌದು’, ‘ಅಲ್ಲ’ ಬಟನ್‌ಗಳಲ್ಲಿ ‘ಅಲ್ಲ’ ಒತ್ತೋಕೆ ಹೋದ್ರಾ?... ಓಡತ್ತೆ, ಅಲ್ವಾ? ಬಾಣದ ಗುರುತು ಹತ್ರ ಬಂದ್ರೆ ಸಾಕು, ಜಾಗ ಬದಲಾಯಿಸತ್ತೆ. ಅದಕ್ಕೇ ನಾನು ಒದ್ದಾಡಿದ್ದು... ಬೈಯೋದು ಆಮೇಲೆ. ಮೊದ್ಲು ಹೇಳಿ, ಮೂಲೇಲಿ ಸಿಕ್ಕಿಹಾಕ್ಕೊಳ್ತಿಲ್ಲ ತಾನೆ?”

“...”

“ಯಾರು, ಅಧ್ಯಕ್ಷರಾ? ಓಂಕಾರಮೂರ್ತಿಯವ್ರು?... ಇದೂ ನಿಮ್ಮ ಭಾಷಣದ್ದೇ ಅಂದ್ಕೊಂಡ್ರಾ!... ಮೌಸ್ ಹಿಡ್ಕೊಂಡು ‘ಅಲ್ಲ’ನ ಅಟ್ಟಿಸ್ಕೊಂಡು ಹೋಗ್ತಿದಾರಾ? ಅಯ್ಯೋ, ಮಂಡಿನೋವಿನೋರು, ಒಂದು ಕುರ್ಚಿ ಕೊಡಿ ರೀ... ಹಿಂದೆ ಕ್ಯೂ ಬೇರೆನಾ? ಒಬ್ರಿಗೂ ಸಿಗ್ಲಿಲ್ವಾ?... ಹಾಗಾದ್ರೆ ಎಲ್ಲರ ಮನೇಲೂ ಇದೇ ಕಥೆ ಅನ್ನಿ.”

“...”

“ಮುಚ್ಚೋದಾ? ಮೇಲಿನ ಕೆಂಪು ಗುರುತು ಒತ್ತಿದ್ರೆ ‘ಉತ್ತರ ಹೇಳಿ ಹೋಗಿ’ ಅಂತ ಬರತ್ತೆ. ಲ್ಯಾಪ್‌ಟಾಪ್ ಆಫ್ ಮಾಡಿದ್ರೂ, ಆನ್ ಮಾಡಿದಾಗ ಮತ್ತೆ ಅದೇ... ಇಲ್ಲ ಮಾರಾಯ್ರೆ, ತಮಾಷೆ ಅಲ್ಲ. ‘ಹೌದು’ ಓಡಲ್ಲ. ಅದನ್ನೇ ಒತ್ಬೇಕು.”

ನಾಗಶ್ರೀ ಒಲೆ ಆರಿಸಿ, ಜ್ವರದ ಮಗುವಿನ ಹತ್ತಿರ ಮಾತಾಡುವವಳಂತೆ ದನಿ ಇಳಿಸಿದಳು.

“ರೀ, ಕೇಳಿಸ್ತಿದೆಯಾ? ಗಾಬರಿಯಾಗ್ಬೇಡಿ... ನಮ್ಮ ತೋಟದ್ದೇ ಬೀಜ, ನಾನೇ ಹುರಿದು ಪುಡಿ ಮಾಡಿಸ್ತೀನಿ. ಡಬ್ಬಿ ತೆಗೆದ್ರೆ ಚಿಕೋರಿ ವಾಸನೆ! ಕೇಳಿದ್ರೆ ‘ನಾನಲ್ಲ, ಮಿಲ್ಲಿನವ್ನು ಬೆರೆಸಿರ್ಬೇಕು’ ಅಂತೀರಿ. ನಿಮ್ಮ ಮಾತು ಕಟ್ಕೊಂಡು ಆ ಮಿಲ್ಲಿನ ಚನ್ನಬಸವಣ್ಣನ ಹತ್ರ ಜಗಳಾಡಿ ಬಂದೆ. ಅವ್ರು ಈಗ ನನ್ನ ಮುಖ ನೋಡಲ್ಲ. ಚಿಕೋರಿ ಇಷ್ಟ ಅಂದಿದ್ರೆ ನಿಮಗೆ ಬೇರೆ ಡಬ್ಬೀಲಿ ಬೆರೆಸಿ ಕೊಡ್ತಿದ್ದೆ, ಅಲ್ವಾ?... ಹಾಂ?... ನೀವೇ ಹೋಗಿ ಒತ್ತೀರಾ? ಅಷ್ಟು ಜನದ ಮುಂದೆ?... ಹೋಗಿ. ಫೋನ್ ಕಿವೀಲೇ ಇರ್ಲಿ.”

ಸ್ವಲ್ಪ ಹೊತ್ತಿಗೆ ಮೊಬೈಲಿನೊಳಗಿಂದ ‘ಹೋ’ ಎಂಬ ಗದ್ದಲ ಕೇಳಿತು.

“ಒತ್ತಿದ್ರಾ!... ಚಪ್ಪಾಳೆನಾ ಅದು?... ಅಧ್ಯಕ್ಷರೂ ‘ನಾನೂ ಬೆರೆಸ್ತೀನಿ’ ಅಂತ ಕೈ ಎತ್ತಿದ್ರಾ! ನೋಡಿ ಮತ್ತೆ... ಹಾಂ, ಇನ್ನೊಂದು ವಿಂಡೋ ಬಂದಿರ್ಬೇಕು. ‘ಚಿಕೋರಿ ಪೊಟ್ಟಣ ಎಲ್ಲಿ ಬಚ್ಚಿಟ್ಟಿದೀರಿ?’ ಅಂತ. ಅದು ನಿನ್ನೆ ಕಲ್ತಿದ್ದು, ಖಾಲಿ ಜಾಗದಲ್ಲಿ ಟೈಪ್ ಮಾಡ್ಬೇಕು... ಮಾಡಿ ರೀ, ಎಲ್ರೂ ಕಾಯ್ತಿದಾರಲ್ಲ.”

ಟಕಟಕ ಸದ್ದು. ಅದರ ಹಿಂದೆಯೇ ಮೊದಲಿಗಿಂತ ದೊಡ್ಡ ನಗು.

“ಏನ್ ಟೈಪ್ ಮಾಡಿದ್ರಿ? ನಂಗೂ ಹೇಳಿ... ಪ್ರಿಂಟರ್ ಬಂದ ರಟ್ಟಿನ ಡಬ್ಬೀಲಾ? ಮೇಜಿನ ಕೆಳಗಡೆದಾ?... ರೀ, ನಾನು ದಿನಾ ಅದರ ಮೇಲೆ ಕಾಲಿಟ್ಕೊಂಡೇ ಈ ಪ್ರೋಗ್ರಾಂ ಬರ್ದಿದ್ದು!... ಹಲೋ? ನಗ್ತಿರೋದು ನೀವಾ?... ಹಲೋ... ರೀ...”

ಫೋನು ಕಟ್ಟಾಯಿತು.