ಅರ್ಧದಾರಿಯ ಫೋಟೊ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಆಕೆಯ ಕೊರಳಲ್ಲಿ ದೂರದಾರಿ ನಡೆಯುವ ಚಾರಣಿಗರ ಹಳೆಯ ಫೋಟೊಗಳ ಸಂಗ್ರಹಾಲಯದ ಗುರುತಿನ ಚೀಟಿ ಇತ್ತು.

“ಇವತ್ತು ನಿಮ್ಮ ಫೋಟೊ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕ್ದೆ,” ಅಂದರು ಆಕೆ. “ನೀವು ಚಾರಣಕ್ಕೆ ಬಂದಾಗ, ಅರ್ಧದಾರೀಲಿರೋ ನಮ್ಮ ಕಚೇರಿ ಮುಂದೆ ನಾನೇ ತೆಗೆದಿದ್ದು.”

“ಚೆನ್ನಾಗಿ ಬಂದಿದೀನಾ?”

“ಬೇರೆ ಚಾರಣಿಗರದ್ದೆಲ್ಲ ಒಂದೊಂದು, ನಿಮ್ಮದು ಮಾತ್ರ ಮೂರು. ಕಣ್ಣು ಮುಚ್ಚಿಬಿಟ್ಟೆ, ಇನ್ನೊಂದು ತೆಗೀರಿ ಅಂತ ಗೋಗರೆದಿದ್ರಲ್ಲ? ಮೂರರಲ್ಲೂ ಕಣ್ಣು ಇಷ್ಟಗಲ ಬಿಟ್ಕೊಂಡಿದೀರಾ!”

“ಕ್ಯಾಮೆರಾ ಹಿಡಿದವಳು ಹಾಗಿದ್ಲು. ಮೂರನ್ನೂ ಇಡ್ತೀಯಾ?”

“ಒಬ್ಬರಿಗೆ ಒಂದೇ. ಕೆಳಗೆ, ಎಲ್ಲೀವರೆಗೆ ನಡೆದರು ಅಂತ ಬರೀಬೇಕು.”

“ಅಯ್ಯೋ, ಅಲ್ಲಿಂದ ಮುಂದೆ ನಾನು ಒಂದು ಹೆಜ್ಜೆನೂ ಇಡ್ಲಿಲ್ವಲ್ಲೇ! ಮಾನ ಕಳೆದ್ಯಾ? ಏನ್ ಬರೆದೆ?”

ಬಸ್ಸು ಬಂತು. ಆಕೆ ಮೆಟ್ಟಿಲು ಹತ್ತಿ, ಹಿಂದಿದ್ದ ಗಂಡನಿಗೆ ಕೈ ಚಾಚಿದರು.

“‘ಮನೆ ತಲುಪಿದರು’ ಅಂತ.”