ಭುಜದವರೆಗೆ

ಅಧ್ಯಕ್ಷತೆ ವಹಿಸಿರುವ ಅನ್ನಪೂರ್ಣಮ್ಮನವರೇ, ಮೊಳಕಾಲ್ಮೂರು ಮಹಿಳಾ ಸಂಘದ ಅಕ್ಕಂದಿರೇ, ಮಗ್ಗ ನಿಲ್ಲಿಸಿ ಬಂದಿರುವ ತಾಯಂದಿರೇ, ನಮ್ಮ ಅಬ್ಬಾನ ಜೊತೆ ಬಾಗಿಲ ಬಳಿಯೇ ನಿಂತಿರುವ ಅಣ್ಣಂದಿರೇ, ಸಭಿಕರೇ,

ಸ್ತನದ ಆಪರೇಷನ್ ಆದ ಮೇಲಿನ ವ್ಯಾಯಾಮದ ಬಗ್ಗೆ ಮಾತನಾಡಲು ಕರೆದಿದ್ದೀರಿ. ಆಹ್ವಾನ ಪತ್ರಿಕೆಯಲ್ಲಿ ಮಾತ್ರ 'ಮಹಿಳೆಯರ ಆರೋಗ್ಯ' ಎಂದು ಅಚ್ಚಾಗಿದೆ. ಸ್ತನ ಎಂದರೆ ಮೈಕು ಕೆಡುವುದಿಲ್ಲ. ನೋಡಿ, ಎರಡು ಸಲ ಹೇಳಿದೆ, ಕೆಟ್ಟಿಲ್ಲ.

ನಾನು ಜಬೀನ್, ಚಳ್ಳಕೆರೆಯ ಲಾರಿ ಮೆಕ್ಯಾನಿಕ್ ವಲಿಸಾಬರ ಮಗಳು. ನನ್ನ ಅಮ್ಮಿ ಕುಲ್ಸುಮ್ ಬೀ ಈ ಊರಿನ ಮಗಳು, ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ಹೋದ ವರ್ಷ ದಾವಣಗೆರೆಯಲ್ಲಿ ಅವಳ ಬಲ ಸ್ತನ ತೆಗೆದರು. ಅದೇ ದಿನ ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಹೊಸದು ಕಟ್ಟಿದರು. ಕಟ್ಟಿಸುವುದು ಬೇಡವೆಂದು ವಾದಿಸಿದವಳು ನಾನು. ಹೆಣ್ಣಿನ ಬೆಲೆ ಅವಳ ಮೈಯಲ್ಲಿದೆಯೇ? ನೋಡುವವರಿಗಾಗಿ ಅವಳ ಹೊಟ್ಟೆಯನ್ನೂ ಏಕೆ ಕೊಯ್ಯಬೇಕು? ಬೀದಿ ಸಭೆಗಳಲ್ಲಿ ನಾನು ಓದಿ ಹಂಚುತ್ತಿದ್ದ ಕರಪತ್ರಗಳೆಲ್ಲ ಹಾಗೆ ಕೇಳುತ್ತಿದ್ದವು. ಅಮ್ಮಿ ಹೇಳಿದ್ದು ಇಷ್ಟೇ: "ನೋಡೋರಿಗಲ್ಲ ಬೇಟಿ. ಸ್ನಾನ ಮಾಡುವಾಗ ನಾನೂ ನೋಡ್ತೀನಲ್ಲ."



ಮನೆಗೆ ಬಂದ ಎರಡನೇ ವಾರ ನನ್ನ ಕೈಯಲ್ಲಿ ಇನ್ನೊಂದು ಕರಪತ್ರ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಬೇಕು, ದಿನವೂ ಒಂದಿಷ್ಟು ಹೆಚ್ಚು. ಗೆರೆ ಹಾಕಲು ಪೆನ್ಸಿಲ್ ಹಿಡಿದು ನಿಂತೆ. ಅಮ್ಮಿ ಭುಜದ ಮಟ್ಟಕ್ಕೆ ಕೈ ನಿಲ್ಲಿಸಿದಳು. ನಮಾಜಿಗೆ ನಿಂತಾಗ ನಮ್ಮ ಹೆಂಗಸರು ಕೈ ಎತ್ತುವುದು ಅಷ್ಟೇ.

"ಅಲ್ಲಾನೇ ಇಷ್ಟು ಸಾಕು ಅಂತಾನೆ. ನಿಂದು ಅವನಿಗಿಂತ ಜಾಸ್ತಿ ಐತಲ್ಲ," ಎಂದಳು.

ನಾನು ಕೇಳಲಿಲ್ಲ. ಸೋಮಾರಿ ಎಂದೆ, ಪುಕ್ಕಲಿ ಎಂದೆ. ಮೊಣಕೈ ಹಿಡಿದು ಎತ್ತಿಸಿದೆ. ಹೊಲಿಗೆ ಬಿಟ್ಟು ಗಾಯದಿಂದ ನೀರು ಬಂತು.

ಆ ಕರಪತ್ರ ಸ್ತನ ತೆಗೆಸಿದವರಿಗೆ ಬರೆದದ್ದು, ಹೊಸದು ಕಟ್ಟಿಸಿಕೊಂಡವರಿಗಲ್ಲ. ಆರು ವಾರ ಕೈ ಭುಜ ದಾಟಬಾರದು ಎಂದು ಆಸ್ಪತ್ರೆಯ ಚೀಟಿಯಲ್ಲೇ ಇತ್ತು. ಊರಿಗೆಲ್ಲ ಓದಿ ಹೇಳುವ ನಾನು ಅದೊಂದನ್ನು ಓದಿರಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋದಾಗ, ಹೇಗಾಯಿತು ಎಂದು ಡಾಕ್ಟರು ಕೇಳಿದರು. "ಅಟ್ಟದ ಮೇಲಿನ ಡಬ್ಬಿ ತೆಗೆಯೋಕೆ ಹೋಗಿದ್ದೆ ಡಾಕ್ಟ್ರೇ, ತಪ್ಪಾತು," ಎಂದಳು ಅಮ್ಮಿ. ಅವರು ಬೈದರು, ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಸತ್ಯ, ನ್ಯಾಯ ಎಂದು ಬೀದಿಯಲ್ಲಿ ಕೂಗುವ ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಟ್ಟೆನೇ? ಇಲ್ಲ. ಅಬ್ಬಾ ಆ ಸಂಜೆಯೇ ಡಬ್ಬಿಗಳನ್ನೆಲ್ಲ ಇಳಿಸಿ, ಅಮ್ಮಿಯ ಸೊಂಟದ ಎತ್ತರಕ್ಕೆ ಹೊಸ ಹಲಗೆ ಹೊಡೆದರು. ಮೊಳೆ ಎತ್ತಿ ಕೊಟ್ಟವಳು ನಾನು. ಆಗಲೂ ಇಲ್ಲ.

ಗಾಯ ಮಾಯಲು ಹೆಚ್ಚು ದಿನ ಹಿಡಿಯಿತು. ಅಲ್ಲಿಯವರೆಗೆ ಅಮ್ಮಿ ಅಂಗಳದಲ್ಲಿ ನಡೆದಳು, ನಿಧಾನವಾಗಿ ಉಸಿರೆಳೆದು ಬಿಟ್ಟಳು, ಕೈ ಎತ್ತದೆ ಭುಜ ತಿರುಗಿಸಿದಳು. ಡಾಕ್ಟರು ಒಪ್ಪಿದ ದಿನ ಗೋಡೆಯ ಹತ್ತಿರ ಹೋಗಿ ಅವಳೇ ಪೆನ್ಸಿಲ್ ಕೇಳಿದಳು.

ನಿಮ್ಮ ಕುರ್ಚಿಯ ಮೇಲಿಟ್ಟಿರುವ ಕರಪತ್ರ ನಾನು ಬರೆದದ್ದು. ಮೊದಲ ಸಾಲು ನೋಡಿ: 'ನನಗಾದ ಆಪರೇಷನ್ ಯಾವುದು, ನನ್ನ ಕೈ ಎಲ್ಲಿಯವರೆಗೆ ಎತ್ತಬಹುದು ಎಂದು ಡಾಕ್ಟರನ್ನು ಕೇಳಿ.' ಆ ಸಾಲು ಬಂದದ್ದು ಅಮ್ಮಿಯ ಗಾಯದಿಂದ.

ಅಬ್ಬಾ, ನೀವೂ ಕೇಳಿ. ಡಬ್ಬಿಯ ಮಾತು ಸುಳ್ಳು. ಕೈ ಎತ್ತಿಸಿದ್ದು ನಾನು.

ಅಮ್ಮಿ ಅಲ್ಲಿಂದಲೇ ಸಾಕು, ಸಾಕು ಎಂದು ಸನ್ನೆ ಮಾಡುತ್ತಿದ್ದಾಳೆ. ತಿರುಗಿ ನೋಡಿ ಸಭಿಕರೇ. ಬಲಗೈ. ತಲೆಗಿಂತ ಮೇಲೆ.

ಕರೆದದ್ದಕ್ಕೆ, ಕೂತು ಕೇಳಿದ್ದಕ್ಕೆ ನಿಮಗೆ ಋಣಿ. ಅಮ್ಮಿ, ಕೈ ಇಳಿಸು, ಮುಗಿಸಿದೆ. ನಮಸ್ಕಾರ.